ಕೆರೆಯ ಜಂತು, ಮನೆಯ ಹೆಪ್ಪು

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಚಿಕ್ಕೋಡಿಯ ನಮ್ಮ ಮನೆಗೆ ಬರುತ್ತಾರೆ. ಯಾವ ಪುಸ್ತಕ ಓದಬೇಕು, ಯಾವ ಯಂತ್ರ ಕಲಿಯಬೇಕು ಎಂದು ಕೇಳುತ್ತಾರೆ. ನಾನು ಅವರಿಗೆ ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಮೂಗು ಹೇಗಿದೆ? ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರುಳು ಎಂದುಕೊಂಡರೂ ಪರವಾಗಿಲ್ಲ. ಕೆರೆಯ ತಳದ ಕೆಸರನ್ನು ವರ್ಷಗಟ್ಟಲೆ ಮೂಸಿ ಸಂಬಳ ತೆಗೆದುಕೊಂಡವನು ನಾನು. ಕೊಳೆತ ಮೊಟ್ಟೆಯ ವಾಸನೆಗೆ ಮುಖ ಸಿಂಡರಿಸುವವರು ಈ ಕೆಲಸಕ್ಕೆ ಬರದಿರುವುದೇ ಒಳ್ಳೆಯದು.

ನಾನು ಕಾಲೇಜೊಂದರ ಜೀವಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ನಮ್ಮಪ್ಪ ನಿಪ್ಪಾಣಿ ಕಡೆ ಬೇರೆಯವರ ತಂಬಾಕಿನ ಹೊಲದಲ್ಲಿ ದುಡಿದವನು. ಮಗನಿಗೆ ಬಿಳಿ ಅಂಗಿಯ ನೌಕರಿ ಸಿಕ್ಕಿತೆಂದು ಊರೆಲ್ಲ ಪೇಡೆ ಹಂಚಿದ್ದ. ಆ ಬಿಳಿ ಅಂಗಿ ಮೊದಲ ವಾರದಲ್ಲೇ ಕೆಸರಿನಲ್ಲಿ ಮುಳುಗೆದ್ದು ಬಂದದ್ದನ್ನು ಅವನಿಗೆ ಬಹಳ ದಿನ ಹೇಳಿರಲಿಲ್ಲ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಅಧ್ಯಾಪಕಿ ವಸುಧಾ ಬಾಯಾರು ಕೆರೆಯ ತಳದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಋತು ಬದಲಾದಂತೆ ಹೇಗೆ ಬದಲಾಗುತ್ತವೆ ಎಂಬುದರ ಮೇಲೆ ಸಂಶೋಧನೆ ಹಿಡಿದಿದ್ದರು. ಅವರು ಹಿಡಿದ ಮೇಲೆ ನಾನೂ ಹಿಡಿದ ಹಾಗೆಯೇ. ಪೈಪು ಹೊರುವವನು ಬೇಕಲ್ಲ.

ಬಾಯಿ ಎಂದರೆ ನಮ್ಮ ಕಡೆ ಮೇಡಂ ಎಂದ ಹಾಗೆ. ಬಾಯಾರು ನಿಪ್ಪಾಣಿಯವರು. ಮನೆಮಾತು ಮರಾಠಿ, ಓದಿದ್ದೂ ಮರಾಠಿಯಲ್ಲಿ. ಕನ್ನಡವನ್ನು ಓಣಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಕಲಿತಿದ್ದರು. ಎತ್ತರದ ಆಳು, ದಪ್ಪ ಕನ್ನಡಕ, ನಗುವಾಗ ಸೆರಗು ಬಾಯಿಗೆ ಹಿಡಿದುಕೊಳ್ಳುವ ಅಭ್ಯಾಸ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಅಷ್ಟೇ, ಆದರೆ ನಾನು ಅವರನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತೇನೆ. ಅಂಥ ಮೇಲಧಿಕಾರಿ ನಿಮಗೆ ಸಿಗಲಿ ಎಂದು ಹಾರೈಸುತ್ತೇನೆ, ಸಿಗುವುದು ಕಷ್ಟ.

ಅವರು ಆರಿಸಿಕೊಂಡ ಕೆರೆ ಕರೋಶಿಯ ಕಡೆಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವ ಹುಡುಗಿ ಈಗ ಅಜ್ಜಿಯಾಗಿದ್ದಾಳೆ, ನನ್ನನ್ನು ಸುಮ್ಮನೆ ಬಿಡುವವಳಲ್ಲ.

ಕೆರೆಯ ನಡುವಿನ ಕೆಸರು ಬೇಕೆಂದರೆ ದೋಣಿ ಬೇಕು. ನಮ್ಮ ಕಡೆ ಕೆರೆಯಲ್ಲಿ ದೋಣಿ ಯಾರಿಡುತ್ತಾರೆ? ಬಾಯಾರು ದಂಡೆಯ ಮೇಲೆ ನಿಂತು ಯೋಚಿಸುತ್ತಿದ್ದಾಗ ಕೆರೆಯ ಪಕ್ಕದ ಕಬ್ಬಿನ ಹೊಲದ ಅಣ್ಣಾಸಾಬರು ಬಂದರು. ಸಮಾಚಾರ ಕೇಳಿಕೊಂಡು, "ದೋಣಿ ಎದಕ್ರಿ? ನಮ್ಮ ಗಾಣದ ಕಡಾಯಿ ಖಾಲಿ ಐತಿ, ಒಯ್ರಿ" ಎಂದರು. ಬೆಲ್ಲ ಕುದಿಸುವ ಕಡಾಯಿ ಗೊತ್ತಲ್ಲ, ನಾಲ್ಕು ಮಂದಿ ಕೂತು ಊಟ ಮಾಡಬಹುದಾದಷ್ಟು ಅಗಲ. ಕೃಷ್ಣೆಗೆ ಮಹಾಪೂರ ಬಂದಾಗ ನದಿದಂಡೆಯ ಊರುಗಳಲ್ಲಿ ಜನ ಅದರಲ್ಲೇ ಆಚೆ ಈಚೆ ದಾಟುವುದುಂಟು. ಮೊದಲ ದಿನ ನಾನು ಒಂದು ಬಿದಿರ ಗಳ ಹಿಡಿದು, ಬಾಯಾರು ಪೈಪು ಹಿಡಿದು ಅದರಲ್ಲಿ ಕೂತೆವು. ಕಡಾಯಿಗೆ ಮುಂದೆ ಹಿಂದೆ ಎಂಬುದಿಲ್ಲ. ನಾನು ಗಳ ಹಾಕಿದಷ್ಟೂ ಅದು ನಿಂತಲ್ಲೇ ಗಿರಗಿರ ತಿರುಗಿತು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಕ್ಕರು. ಬಾಯಾರು ತಲೆಸುತ್ತಿ ನೀರಿಗೆ ವಾಂತಿ ಮಾಡಿಕೊಂಡರು. ಆಮೇಲೆ ಬಾಯಿ ತೊಳೆದು, "ಬಾಳಪ್ಪ, ಇಲ್ಲಿಂದ ಸ್ಯಾಂಪಲ್ ತಗೋಳೂದು ಬ್ಯಾಡ, ನಂದು ಬಿದ್ದೈತಿ. ಆ ಕಡೆ ನಡೀರಿ" ಎಂದರು. ಆಗಲೇ ನನಗೆ ಇವರ ಕೈಕೆಳಗೆ ಕೆಲಸ ಮಾಡಬಹುದು ಅನ್ನಿಸಿತು.

ಈಗಿನವರ ಬಳಿ ಕೆಸರು ತೆಗೆಯಲು ಒಳ್ಳೊಳ್ಳೆಯ ಸಲಕರಣೆಗಳಿವೆ. ನಮ್ಮದು ಬಾವಿಗೆ ಹಾಕುವ ಪ್ಲಾಸ್ಟಿಕ್ ಪೈಪಿನ ತುಂಡು. ಅದನ್ನು ತಳಕ್ಕೆ ಒತ್ತಿ, ಮೇಲಿನ ಬಾಯಿಗೆ ರಬ್ಬರು ಬಿರಟೆ ಬಡಿದು, ಮೆಲ್ಲಗೆ ಎತ್ತಬೇಕು. ನೀರಿನಿಂದ ಹೊರಬರುವ ಮುಂಚೆ ಕೆಳಗಿನ ಬಾಯಿಗೂ ಬಿರಟೆ ಹಾಕಬೇಕು. ಅದಕ್ಕೆ ಒಬ್ಬರು ಕಡಾಯಿಯ ಅಂಚಿಗೆ ಎದೆಯೊತ್ತಿ ಮಲಗಿ ಭುಜದತನಕ ಕೈ ನೀರಿಗೆ ಇಳಿಸಬೇಕು. ಆ ಒಬ್ಬರು ನಾನೇ. ದಂಡೆಗೆ ತಂದು ಪೈಪಿನಿಂದ ಹೊರದಬ್ಬಿದರೆ ಮೇಲೆ ಕಂದು ಬಣ್ಣದ ತೆಳ್ಳನೆಯ ಪದರ, ಅದರ ಕೆಳಗೆ ಕಾಡಿಗೆಯಂಥ ಕರಿ ಕೆಸರು, ಅದರ ಕೆಳಗೆ ಬೂದಿ ಬಣ್ಣದ ಜೇಡಿ. ಮೇಲಿನದರಲ್ಲಿ ಗಾಳಿ ಬೇಕೆನ್ನುವ ಜೀವಿಗಳು, ಕರಿಯದರಲ್ಲಿ ಗಾಳಿ ತಾಕಿದರೆ ಸಾಯುವ ಜೀವಿಗಳು. ವಾಸನೆಯೆಲ್ಲ ಆ ಕರಿಯವರದು.

ಆ ಕೆಸರನ್ನು ಬರ್ಫದ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಚಿಕ್ಕೋಡಿಗೆ ತರುತ್ತಿದ್ದೆವು. ಒಮ್ಮೆ ಡಬ್ಬಿಯ ಮುಚ್ಚಳ ಸಡಿಲಾಗಿ ಬಸ್ಸು ತುಂಬ ವಾಸನೆ ಹರಡಿತು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಎಲ್ಲರೂ ತಿರುತಿರುಗಿ ನೋಡಿದರು. ಪಾಪ, ಅವರು ರಾಯಬಾಗದವರು, ಬೀಗರ ಊರಿಗೆ ಹೊರಟವರು, ತಲೆಗೆ ರೇಷ್ಮೆ ಪಟಗಾ ಸುತ್ತಿಕೊಂಡಿದ್ದರು. "ನಾ ಅಲ್ರೀಪಾ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಕೊನೆಗೆ ಬಾಯಾರು ಎದ್ದು ನಿಂತು, "ಅವರದಲ್ಲ, ನಮ್ಮ ಕೆರೀದು" ಎಂದು ಇಡೀ ಬಸ್ಸಿಗೆ ಹೇಳಿದರು. ಕಂಡಕ್ಟರು ಮುಂದಿನ ಸ್ಟಾಪಿನಲ್ಲಿ ಕೆರೆಯನ್ನು ಬಸ್ಸಿನ ಮೇಲೆ ಕಟ್ಟಿಸಿದ.

ಪ್ರಯೋಗಾಲಯದಲ್ಲಿ ಕೆಸರನ್ನು ಶುದ್ಧ ನೀರಿನಲ್ಲಿ ತೆಳುಮಾಡಿ, ಇನ್ನೂ ತೆಳುಮಾಡಿ, ಒಂದೊಂದು ಹನಿಯನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಹರಡುತ್ತಿದ್ದೆ. ಒಂದೆರಡು ದಿನದಲ್ಲಿ ಕಣ್ಣಿಗೆ ಕಾಣದಿದ್ದವು ಚುಕ್ಕೆಚುಕ್ಕೆಯಾಗಿ ಏಳುತ್ತಿದ್ದವು. ತಟ್ಟೆಯನ್ನು ಬೋರಲು ಹಾಕಿ, ಒಂದೊಂದು ಚುಕ್ಕೆಗೂ ಮಸಿಯ ಗುರುತು ಇಟ್ಟು ಎಣಿಸಬೇಕು. ಆಮೇಲಿನ ವರ್ಷಗಳಲ್ಲಿ ಎಣಿಸುವ ಯಂತ್ರ ಬಂತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೆಸರನ್ನೇ ದೊಡ್ಡ ಊರಿಗೆ ಕಳಿಸಿ, ತಟ್ಟೆಯ ಮೇಲೆ ಬೆಳೆಸದೆಯೇ ಅದರಲ್ಲಿ ಯಾರಿದ್ದಾರೆಂದು ತಿಳಿಯುವ ಪದ್ಧತಿ ಶುರುವಾಯಿತು. ಆಗ ಗೊತ್ತಾಯಿತು, ನಾವು ಅಷ್ಟು ವರ್ಷ ನಮ್ಮ ಊಟಕ್ಕೆ ಬಂದವರನ್ನಷ್ಟೇ ಎಣಿಸಿದ್ದೆವು. ನಮ್ಮ ಅಡುಗೆ ಸೇರದೆ ಕೆಸರಿನಲ್ಲೇ ಉಳಿದವರು ಅದಕ್ಕಿಂತ ಎಷ್ಟೋ ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಮಗೆ ಗೊತ್ತಿದ್ದ ಅಡುಗೆ ನಾವು ಮಾಡಿದ್ದೆವು.

ಋತುಗಳ ವಿಷಯ ಹೇಳಬೇಕು, ಕೆಲಸವೇ ಅದು. ಬೇಸಿಗೆಯಲ್ಲಿ ಕೆರೆ ಬತ್ತಿ ಸಣ್ಣದಾಗಿ ಕೆಸರು ಬೆಚ್ಚಗಾಗುತ್ತಿತ್ತು. ಪೈಪು ಚುಚ್ಚಿದರೆ ಬುಳುಬುಳು ಗುಳ್ಳೆ ಏಳುತ್ತಿದ್ದವು, ಕರಿ ಪದರ ಮೇಲಿನವರೆಗೂ ಬಂದುಬಿಡುತ್ತಿತ್ತು. ಮಳೆ ಬಿದ್ದಾಗ ಹೊಲದ ಮಣ್ಣು, ರವದಿ ಎನ್ನುವ ಕಬ್ಬಿನ ಒಣಗರಿ, ಸಗಣಿ ಎಲ್ಲ ಹರಿದು ಬಂದು ಹೊಸ ಹಾಸಿಗೆ ಹಾಸುತ್ತಿತ್ತು. ಅದರೊಡನೆ ಹೊಸ ಮುಖಗಳೂ ಬರುತ್ತಿದ್ದವು, ತಟ್ಟೆಗಳು ತುಂಬಿ ತುಳುಕುತ್ತಿದ್ದವು. ಚಳಿ ಬಂತೆಂದರೆ ಎಲ್ಲವೂ ನಿಧಾನ. ತಟ್ಟೆಯ ಮೇಲೆ ಚುಕ್ಕೆಗಳೂ ಕಡಿಮೆ, ವಾಸನೆಯೂ ಕಡಿಮೆ. ಆದರೆ ಚಳಿಗಾಲದಲ್ಲಿ ನಮಗೊಂದು ತೊಂದರೆ. ಅದು ಕಬ್ಬು ಅರೆಯುವ ಕಾಲ. ನಮ್ಮ ದೋಣಿ ಅಣ್ಣಾಸಾಬರ ಗಾಣದಲ್ಲಿ ಒಲೆಯ ಮೇಲೆ ಕೂತು ಬೆಲ್ಲ ಕುದಿಸುತ್ತಿರುತ್ತಿತ್ತು. ಅಮಾವಾಸ್ಯೆಯ ದಿನ ಗಾಣ ನಿಲ್ಲಿಸುತ್ತಿದ್ದರು. ಹಾಗಾಗಿ ವಿಜ್ಞಾನದ ಜಗತ್ತಿನಲ್ಲಿ ಅಮಾವಾಸ್ಯೆ ನೋಡಿ ಕೆಸರು ತೆಗೆಯಲು ಹೊರಟವರು ನಾವೇ ಇರಬೇಕು. ನಮ್ಮ ವಿಭಾಗದ ಮುಖ್ಯಸ್ಥರು, ಬಹಳ ಶಿಸ್ತಿನವರು, "ಇದೇನು ಸಂಶೋಧನೆಯೋ ಮಾಟವೋ?" ಎಂದು ಕೇಳಿದ್ದರು. ಕೆಸರಿನ ಡಬ್ಬಿಗಳನ್ನು ತಮ್ಮ ಕೋಣೆಯ ಮುಂದೆ ಹಾಯಿಸಕೂಡದೆಂದೂ ಅವರ ಅಪ್ಪಣೆಯಿತ್ತು.

ಅಣ್ಣಾಸಾಬರ ಮನೆ ನಮಗೆ ಎರಡನೆಯ ಪ್ರಯೋಗಾಲಯವಾಯಿತು. ಅವರ ಹೆಂಡತಿ ಪಾರವ್ವ ನಮಗೆ ರೊಟ್ಟಿ ಬಡಿಯದೆ ಕಳಿಸುತ್ತಿರಲಿಲ್ಲ. ಒಬ್ಬಳೇ ಮಗಳು ಶೋಭಾ, ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ಚುರುಕು ನಾಲಿಗೆಯ ಹುಡುಗಿ. ನನ್ನ ಕೆಸರಿನ ಅಂಗಿ ನೋಡಿ, "ಬಾಳಪ್ಪಣ್ಣ, ನಿಮ್ಮ ಮನ್ಯಾಗ ವೈನಿ ನಿಮ್ಮನ್ನ ಒಳಗ ಕರಕೋತಾರೋ, ಅಂಗಳದಾಗ ತೊಳದ ಕರಕೋತಾರೋ?" ಎನ್ನುತ್ತಿದ್ದಳು. ನನ್ನ ಹೆಂಡತಿ ಅವಳಿಗೆ ವೈನಿ, ಅಂದರೆ ಅತ್ತಿಗೆ. ಅವಳಿಗೆ ಕಾಗವಾಡದ ಆಚೆಯ ಒಂದು ಊರಿನಲ್ಲಿ ಗಂಡು ಗೊತ್ತಾಗಿತ್ತು. ದ್ರಾಕ್ಷಿ ತೋಟದ ಮನೆತನ, ಮನೆಯಲ್ಲಿ ಮರಾಠಿ. ಹುಡುಗ ಸುರೇಶ ಅವಳನ್ನು ನೋಡಿ ಒಪ್ಪಿದ್ದ, ಅವಳೂ ಒಪ್ಪಿದ್ದಳು. ನಮ್ಮ ಕಡೆ ಸಾಖರಪುಡಾ ಎನ್ನುವ ನಿಶ್ಚಿತಾರ್ಥ ದೀಪಾವಳಿ ಕಳೆದ ಮೇಲೆ ಎಂದು ಮಾತಾಗಿತ್ತು. ಶೋಭಾ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ಕಾಗವಾಡದ ಬಸ್ಸಿನ ವೇಳೆಯೆಲ್ಲ ಅವಳಿಗೆ ಬಾಯಿಪಾಠ ಬರುತ್ತಿತ್ತು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಆದದ್ದು ಇದು. ನಾವು ಕೆಸರು ತೆಗೆದು ದಂಡೆಯಲ್ಲಿ ಕೂತಿದ್ದೆವು. ಬಟ್ಟೆ ಒಗೆಯುವ ಹೆಂಗಸರಲ್ಲಿ ಒಬ್ಬಳು ಧೈರ್ಯ ಮಾಡಿ, "ಬಾಯಾರ, ಆ ರಾಡ್ಯಾಗ ಏನ್ ಹುಡುಕ್ತೀರಿ? ಬಂಗಾರ ಐತೇನ್ರಿ?" ಎಂದು ಕೇಳಿದಳು. ಬಾಯಾರಿಗೆ ಯಾರಾದರೂ ತಮ್ಮ ಕೆಲಸದ ಬಗ್ಗೆ ಕೇಳಿದರೆ ಹಬ್ಬ. ಕಣ್ಣರಳಿಸಿ ಹೇಳಿದರು: "ಬಂಗಾರ ಅಲ್ಲವಾ, ಜಂತು. ಒಂದ ಚಿಟಿಕಿ ರಾಡ್ಯಾಗ ಕೋಟಿ ಕೋಟಿ ಜಂತು ಅದಾವ. ಬರೇ ರಾಡ್ಯಾಗ ಅಲ್ಲ, ನೀರಿನ್ಯಾಗೂ ಅದಾವ, ನಮ್ಮ ಕೈಮ್ಯಾಗೂ ಅದಾವ."

ಮರಾಠಿಯಲ್ಲಿ ಜಂತು ಎಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ. ಬಾಯಾರು ಹೇಳಿದ್ದು ಅದು. ಕನ್ನಡದ ಹೆಂಗಸರಿಗೆ ಜಂತು ಎಂದರೆ ಮಕ್ಕಳ ಹೊಟ್ಟೆಯಿಂದ ಬೀಳುವ ಉದ್ದನೆಯ ಬಿಳಿ ಹುಳ. ಅವರು ಕೇಳಿಸಿಕೊಂಡದ್ದು ಅದು. ನಾನು ಬಾಯಿ ಹಾಕುವಷ್ಟರಲ್ಲಿ ಹೆಂಗಸರು ಅರ್ಧ ಒಗೆದ ಬಟ್ಟೆ ಹಿಂಡಿಕೊಂಡು ದಂಡೆ ಹತ್ತಿಯಾಗಿತ್ತು. ಬಾಯಾರು, "ಎಷ್ಟ ಆಸಕ್ತಿ ನೋಡ್ರಿ, ಮನಿ ಮಂದಿಗೆ ಹೇಳಾಕ ಹೊಂಟ್ರು" ಎಂದರು.

ಹೇಳಿದರು, ಚೆನ್ನಾಗಿಯೇ ಹೇಳಿದರು. ಆರೋಗ್ಯ ಕೇಂದ್ರದ ಮುಂದೆ ಜಂತಿನ ಗುಳಿಗೆಗೆ ಜನ ಪಾಳಿ ಹಚ್ಚಿ ನಿಂತರು. ಕೆರೆಯ ಕೆಳಗಿನ ಬಾವಿಯ ನೀರನ್ನು ಜನ ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿದರು, ಬಟ್ಟೆಯನ್ನು ಬಿಸಿಲಿಗೆ ಹಿಡಿದು ಹುಳ ಹುಡುಕಿದರು. ನಾನು ಮನೆಮನೆಗೆ ಹೋಗಿ, "ಆ ಜಂತು ಅಲ್ರಿ, ಇವು ಬ್ಯಾರೆ, ಕಣ್ಣಿಗೆ ಕಾಣಂಗಿಲ್ಲ" ಎಂದು ತಿಳಿಸಿ ಹೇಳಿದೆ. ಅದರಿಂದ ಇನ್ನೂ ಕೆಟ್ಟಿತು. ಕಣ್ಣಿಗೆ ಕಾಣುವ ಹುಳವಾದರೆ ಹಿಡಿದು ಬಿಸಾಡಬಹುದು, ಕಾಣದ್ದನ್ನು ಏನು ಮಾಡುವುದು?

ಸುದ್ದಿ ಬಸ್ಸು ಹತ್ತಿ ಕಾಗವಾಡದ ಆಚೆಗೂ ಹೋಯಿತು. ಸುರೇಶನ ತಾಯಿ ಅಕ್ಕಾತಾಯಿ ಮರಾಠಿಯವರು, ಕನ್ನಡವನ್ನೂ ಆಡಬಲ್ಲವರು. ಅವರ ಕಿವಿಗೆ ಜಂತು ಎಂದರೆ ಹುಳವಲ್ಲ, ರೋಗ. ಆ ಕೆರೆಯ ನೀರು ಕುಡಿದು ಬೆಳೆದ ಹುಡುಗಿಗೆ ಏನು ರೋಗವಿದೆಯೋ ಎಂಬ ಭಯ ಹುಟ್ಟಿತು. ದೀಪಾವಳಿಯ ಮುಂಚೆ, ಈ ಸಂಬಂಧಕ್ಕೆ ಮಧ್ಯಸ್ಥಿಕೆ ಮಾಡಿದ ಶೋಭಾಳ ಸೋದರಮಾವ ಬಂದು ಜಗಲಿಯ ಮೇಲೆ ಕೂತು, ತಲೆ ಎತ್ತದೆ ಹೇಳಿದ: "ಹುಡುಗಿನ್ನ ಮಿರಜಕ್ಕ ಕರಕೊಂಡ ಹೋಗಿ ದವಾಖಾನ್ಯಾಗ ಎಲ್ಲಾ ತಪಾಸ ಮಾಡಸ್ರಿ ಅಂದಾರ. ಚೀಟಿ ತಂದ ತೋರಿಸಿದ್ರ ಮುಂದಿನ ಮಾತು ಅಂದಾರ."

ಅಣ್ಣಾಸಾಬರು ಹೂಂ ಅನ್ನುವವರಿದ್ದರು. ಹೆಣ್ಣು ಹೆತ್ತವರು ಇನ್ನೇನು ಮಾಡಿಯಾರು? ಒಳಗಿನಿಂದ ಶೋಭಾ ಬಂದಳು. ಕೈಯಲ್ಲಿ ಹಿಟ್ಟಿತ್ತು. "ಮಾವಾ, ಎಮ್ಮಿ ಕೊಳ್ಳೂವಾಗ ಹಲ್ಲ ನೋಡ್ತಾರ. ನಾ ಎಮ್ಮಿ ಅಲ್ಲ. ತಪಾಸ ಮಾಡಸಂಗಿಲ್ಲ, ಚೀಟಿನೂ ತರಂಗಿಲ್ಲ" ಎಂದಳು. ಅಷ್ಟು ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ದಿನದ ರೊಟ್ಟಿಗಳು ಬಹಳ ತೆಳ್ಳಗಾಗಿದ್ದವು ಎಂದು ಪಾರವ್ವ ಆಮೇಲೆ ನಮಗೆ ಹೇಳಿ ಅತ್ತರು. ಮಗಳಿಗೆ ಆ ಹುಡುಗನ ಮೇಲೆ ಮನಸ್ಸಿದೆ ಎಂಬುದು ತಾಯಿಗೆ ಗೊತ್ತಿತ್ತು. ಅವಳು ಸೋಲುವವಳಲ್ಲ ಎಂಬುದೂ ಗೊತ್ತಿತ್ತು.

ಬಾಯಾರಿಗೆ ಇದು ತಿಳಿದ ದಿನ ಅವರು ಪ್ರಯೋಗಾಲಯದಲ್ಲಿ ತಟ್ಟೆ ಎಣಿಸುತ್ತಿದ್ದರು. ಲೇಖನಿ ಕೆಳಗಿಟ್ಟು, "ನನ್ನ ಒಂದ ಮಾತಿನಿಂದ ಆ ಹುಡುಗಿ ಮದಿವಿ ಮುರೀತೈತಿ ಅಂದ್ರ ನಾ ಇವನ್ನ ಎಣಿಸಿ ಏನ್ ಮಾಡ್ಲಿ?" ಎಂದರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕಾಗವಾಡದ ಬಸ್ಸಿನಲ್ಲಿದ್ದೆವು. ಸೂಕ್ಷ್ಮದರ್ಶಕವನ್ನು ಶಾಲಿನಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕೃಷ್ಣೆಯ ಸೇತುವೆ ದಾಟುವಾಗ ಬಾಯಾರು ಕೈ ಮುಗಿದರು. ದೇವರ ಮೇಲೆ ಅವರಿಗೆ ಅಂಥ ನಂಬಿಕೆಯಿರಲಿಲ್ಲ, ಆದರೂ ಮುಗಿದರು.

ಅಕ್ಕಾತಾಯಿ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟ, ಆಳುಕಾಳು ಎಲ್ಲವನ್ನೂ ಒಬ್ಬರೇ ನಡೆಸಿದವರು. ನಮ್ಮನ್ನು ಗೌರವದಿಂದಲೇ ಕೂರಿಸಿ ಚಹಾ ಕೊಟ್ಟರು. ಬಾಯಾರು ಈಗ ತಮ್ಮ ಮಾತೃಭಾಷೆಯಲ್ಲಿದ್ದರು, ಹಾಗಾಗಿ ಧಾರಾಳವಾಗಿ ವಿವರಿಸಿದರು. ಎಲ್ಲ ಜಂತುಗಳೂ ರೋಗ ತರುವುದಿಲ್ಲ, ಕೆರೆಯ ಕಸವನ್ನು ಮಣ್ಣು ಮಾಡುವವು ಅವೇ, ನಿಮ್ಮ ತೋಟದ ಮಣ್ಣಿನಲ್ಲೂ ಅವೆ, ಹಾಲನ್ನು ಮೊಸರು ಮಾಡುವವೂ ಅಂಥವೇ ಎಂದರು. ಅಕ್ಕಾತಾಯಿ ನಂಬಲಿಲ್ಲ. ಆಗ ಬಾಯಾರು ಅವರ ಅಡುಗೆಮನೆಯಿಂದಲೇ ಮೊಸರು ತರಿಸಿ, ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಬಿಸಿಲಿಗೆ ಸೂಕ್ಷ್ಮದರ್ಶಕದ ಕನ್ನಡಿ ಹೊಂದಿಸಿ, "ನೋಡಿ" ಎಂದು ಕರೆದರು.

ಅಕ್ಕಾತಾಯಿ ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಎದ್ದು ಅಡುಗೆಮನೆಗೆ ಹೋಗಿ ಮೊಸರಿನ ಗಡಿಗೆಯನ್ನು ಎತ್ತಿ ತಂದು ಎಮ್ಮೆಯ ಮುಸುರೆ ಬಾನಿಗೆ ಸುರುವಿಬಿಟ್ಟರು. ನೋಡಲು ಬಂದಿದ್ದ ಓಣಿಯ ಹೆಂಗಸರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿ ತಂತಮ್ಮ ಮನೆಗೆ ಓಡಿದರು. ಎಲ್ಲರ ಮನೆಯಿಂದಲೂ ಸುರುವುವ ಸಪ್ಪಳ ಕೇಳಿಸಿತು. ಅಲ್ಲಿ ಹೆದರದೆ ಉಳಿದವನು ಸುರೇಶ ಒಬ್ಬನೇ. ಅವನು ಬಗ್ಗಿದವನು ಏಳಲೇ ಇಲ್ಲ. ಕೊನೆಗೆ ತಲೆ ಎತ್ತಿ ನನ್ನನ್ನು ಕೇಳಿದ: "ಇವಕ್ಕ ಥಂಡಿ ಹತ್ತತೈತೇನ್ರಿ?"

"ಹತ್ತತೈತಿ. ಥಂಡ್ಯಾಗ ಸಾವಕಾಶ ಕೆಲಸ ಮಾಡತಾವ" ಎಂದೆ. ಅವನು ತಲೆಯಾಡಿಸಿದ. ಹುಡುಗ ನನಗೆ ಬಹಳ ಹಿಡಿಸಿದ.

ಹಿಂದಿರುಗುವ ಬಸ್ಸಿನಲ್ಲಿ ಬಾಯಾರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಬಾಳಪ್ಪ, ಕನ್ನಡದಾಗ ಹೇಳಿ ಒಮ್ಮೆ ಕೆಡಿಸಿದ್ನಿ, ಮರಾಠ್ಯಾಗ ಹೇಳಿ ಪೂರಾ ಕೆಡಿಸಿದ್ನಿ" ಎಂದರು. ಸೂಕ್ಷ್ಮದರ್ಶಕದ ಶಾಲು ಬಿಚ್ಚಿ ಅವರ ಕೈಗೆ ಕೊಟ್ಟೆ, ಗಾಳಿ ತಣ್ಣಗಿತ್ತು.

ಹೊಸಬರಿಗೆ ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸೂಕ್ಷ್ಮದರ್ಶಕ ತೋರಿಸಿದರೆ ಜನ ಒಪ್ಪುತ್ತಾರೆ ಎಂದು ನಮಗೆಲ್ಲ ಒಂದು ಭ್ರಮೆ. ಕಣ್ಣಿಗೆ ಕಂಡದ್ದನ್ನು ಮನಸ್ಸು ಒಪ್ಪಿಕೊಳ್ಳಲು ಅದರದೇ ಸಮಯ ತೆಗೆದುಕೊಳ್ಳುತ್ತದೆ. ನನ್ನ ಹೆಂಡತಿಗೆ ನಾನು ಮೊದಲ ಸಲ ಮೊಸರು ತೋರಿಸಿದಾಗ ಅವಳೂ ಒಂದು ತಿಂಗಳು ಮೊಸರು ಮುಟ್ಟಿರಲಿಲ್ಲ.

ದೀಪಾವಳಿ ಕಳೆಯಿತು, ಸಾಖರಪುಡಾ ಆಗಲಿಲ್ಲ. ಆ ಕಡೆಯಿಂದ ಬೇಡ ಎಂಬ ಮಾತೂ ಬರಲಿಲ್ಲ, ಬೇಕು ಎಂಬುದೂ ಬರಲಿಲ್ಲ. ಚಳಿ ಬಿತ್ತು, ಗಾಣ ಹೂಡಿದರು. ಮಾರನೆಯ ದಿನ ಅಮಾವಾಸ್ಯೆ ಎನ್ನುವಾಗ ಕಡಾಯಿಯ ವಿಷಯ ಕೇಳಿಕೊಂಡು ಬರಲು ನಾವು ಅಣ್ಣಾಸಾಬರ ಗಾಣಕ್ಕೆ ಹೋದೆವು. ಬಾಯಾರಿಗೆ ಆ ಮನೆಯವರ ಮುಖ ನೋಡಲು ಸಂಕೋಚ. ಪಾರವ್ವ ಅದನ್ನು ತಿಳಿದೇ, ಮುಂಚಿಗಿಂತ ದೊಡ್ಡ ಬಟ್ಟಲಿನಲ್ಲಿ ಬಿಸಿ ಬೆಲ್ಲ ಕೊಟ್ಟರು. ಶೋಭಾ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದಳು. ತೆಳ್ಳಗಾಗಿದ್ದಳು. "ಬಾಯಾರ, ನಿಮ್ಮ ಜಂತು ಅರಾಮ ಅದಾವ್ರಿ?" ಎಂದು ಕೇಳಿದಳು. ಬಾಯಾರು ನಗಲು ಹೋಗಿ ಆಗದೆ ಬೆಲ್ಲದ ಬಟ್ಟಲು ನೋಡುತ್ತ ಕೂತರು.

ಆಗ ರಸ್ತೆಯಲ್ಲಿ ಬಸ್ಸು ನಿಂತು ಒಬ್ಬರು ಇಳಿದರು. ನೀಲಿ ಕಚ್ಚೆ ಸೀರೆ, ಬಗಲಲ್ಲಿ ಚೀಲ. ಅಕ್ಕಾತಾಯಿ. ಗಾಣದಲ್ಲಿ ಎಲ್ಲರ ಕೈ ನಿಂತವು. ಅವರು ನೇರವಾಗಿ ಬಂದು, ಪಾರವ್ವ ಹಾಸಿದ ಚಾಪೆಯ ಮೇಲೆ ಕೂತು, ಕೇಳದಿದ್ದರೂ ಕಾರಣ ಹೇಳಿದರು: "ಯಡೂರಿಗೆ ವೀರಭದ್ರನ ದರ್ಶನಕ್ಕ ಬಂದಿದ್ನಿ. ಹಂಗ ಹಾದಿಮ್ಯಾಗ ಬಂದ್ನಿ." ಕಾಗವಾಡದ ಕಡೆಯವರಿಗೆ ಯಡೂರಿನಿಂದ ಹಿಂದಿರುಗುವ ಹಾದಿಯಲ್ಲಿ ಆ ಊರು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಕ್ಕಾತಾಯಿ ನೀರು ಕುಡಿದರು. ಗಾಣದ ಹತ್ತಿರ, ಕೆರೆಯ ಕೆಳಗಿನ ಅದೇ ಬಾವಿಯ ನೀರು ಅದು. ತಂಬಿಗೆ ಕೆಳಗಿಟ್ಟು ಬಾಯಾರ ಕಡೆ ನೋಡಿದರು. "ಬಾಯಿ, ನೀವ ಬಂದ ಹೋದಾಗಿಂದ ಮನ್ಯಾಗ ಮೊಸರಿಲ್ಲ. ಮಗಾ ಬರೇ ಸಾರನ್ನ ಉಂಡ ಏಳತಾನ. ಈಗ ಹಾಲಿಗೆ ಹಾಕೂನಂದ್ರ ಓಣ್ಯಾಗ ಯಾರ ಮನ್ಯಾಗೂ ಹೆಪ್ಪ ಇಲ್ಲ, ಎಲ್ಲಾರೂ ಚೆಲ್ಯಾರ" ಎಂದರು. ಬಾಯಾರು ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿದರು. ಅಕ್ಕಾತಾಯಿ ಶೋಭಾಳ ಕಡೆ ತಿರುಗಿದರು. "ಪೋರಿ, ನಿಮ್ಮ ಮನ್ಯಾಗ ಹೆಪ್ಪ ಐತೇನು? ಇದ್ರ ಒಂಚೂರು ಕೊಡು."

ಪಾರವ್ವ ದಡಬಡಿಸಿ ಎದ್ದರು. ಶೋಭಾ ತಾಯಿಯನ್ನು ತಡೆದಳು. ಅತ್ತೆಯಾಗಬೇಕಿದ್ದವರ ಮುಂದೆ ನಿಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ಐತ್ರಿ. ಆದ್ರ ನಮ್ಮ ಹೆಪ್ಪಿಗೆ ದವಾಖಾನಿ ಚೀಟಿ ಇಲ್ರಿ."

ಒಲೆಯ ಮೇಲೆ ಕಡಾಯಿ ಕುದಿಯುತ್ತಿತ್ತು. ಅಣ್ಣಾಸಾಬರು ಹುಟ್ಟು ಹಿಡಿದವರು ತಿರುವುವುದನ್ನು ಮರೆತಿದ್ದರು. ನಾನು ಬೆಲ್ಲದ ಬಟ್ಟಲು ಕೆಳಗಿಟ್ಟೆ. ಆ ಹುಡುಗಿಯನ್ನು ನಾನು ತಂಗಿಯ ಹಾಗೆ ಕಾಣುತ್ತಿದ್ದೆ.

ಅಕ್ಕಾತಾಯಿ ಅವಳನ್ನು ನೋಡಿದರು, ಸೂಕ್ಷ್ಮದರ್ಶಕದಲ್ಲಿ ನೋಡಿದಷ್ಟೇ ಹೊತ್ತು. "ಚೀಟಿ ಯಾರ ಕೇಳ್ಯಾರವಾ? ನಾ ಹೆಪ್ಪ ಕೇಳೇನಿ" ಎಂದರು.

ಶೋಭಾ ಮನೆಗೆ ಹೋಗಿ ಮುಚ್ಚಳದ ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಾಕಿ ತಂದು ಕೊಟ್ಟಳು. ಅಕ್ಕಾತಾಯಿ ಅದನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ಬೆಲ್ಲ ಕಟ್ಟಿ ಕೊಟ್ಟದ್ದನ್ನೂ ತೆಗೆದುಕೊಂಡು, ಮುಂದಿನ ಬಸ್ಸಿಗೆ ಹೋದರು. ಮದುವೆಯ ಮಾತು ಒಂದೂ ಆಡಲಿಲ್ಲ.

ಮಾರನೆಯ ದಿನ ಗಾಣ ನಿಂತಿತು. ಕಡಾಯಿ ತೊಳೆದುಕೊಂಡು ನಾನೂ ಬಾಯಾರೂ ಕೆರೆಗಿಳಿದೆವು. ಆ ದಿನ ನಮ್ಮ ಕೆಲಸ ಸರಿಯಾಗಿ ಸಾಗಲಿಲ್ಲ. ಬಾಯಾರು ನಿಮಿಷಕ್ಕೊಮ್ಮೆ ದಂಡೆಯ ಕಡೆ ನೋಡುತ್ತಿದ್ದರು. ದಂಡೆಯ ಮೇಲೆ ಪಾರವ್ವ ಬೆಳಗಿನಿಂದ ಏನೋ ನೆಪ ಮಾಡಿಕೊಂಡು ಓಡಾಡುತ್ತಿದ್ದರು. ಶೋಭಾ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು. ಮಧ್ಯಾಹ್ನವಾಯಿತು, ಯಾರೂ ಬರಲಿಲ್ಲ. "ಹೆಪ್ಪ ಒಯ್ದದ್ದು ಬರೇ ಹೆಪ್ಪಿಗೇನೋ?" ಎಂದು ಬಾಯಾರು ಕೇಳಿದರು. ನಾನು ಪೈಪಿಗೆ ಬಿರಟೆ ಬಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಸುರೇಶ ಬಂದ. ದಂಡೆಯ ಮೇಲೆ ನಡೆದು ಬಂದು ಶೋಭಾಳಿಂದ ನಾಲ್ಕು ಮಾರು ದೂರ ನಿಂತ. ನಾವು ಕೆರೆಯ ನಡುವೆ. ನಾನು ಗಳ ಜೋರಾಗಿ ಹಾಕಿದೆ, ಹಾಳು ಕಡಾಯಿ ಗಿರಗಿರ ತಿರುಗತೊಡಗಿತು. ಒಮ್ಮೆ ದಂಡೆ ಕಾಣುತ್ತಿತ್ತು, ಒಮ್ಮೆ ಕಬ್ಬಿನ ಹೊಲ. ಬಾಯಾರು ಕಡಾಯಿಯ ಅಂಚು ಹಿಡಿದು, ದಂಡೆ ಎತ್ತ ಬಂದರೆ ಅತ್ತ ಕತ್ತು ತಿರುಗಿಸುತ್ತಿದ್ದರು. ಹೇಗೋ ದಡ ಮುಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ಇಳಿದಾಗ ಅವನ ಮಾತು ಕೇಳಿಸಿತು.

"ಥಂಡಿ ಐತಲ್ಲ, ಹೆಪ್ಪಗಟ್ಟಾಕ ತಡಾ ಆತು. ಮುಂಜಾನಿ ನೋಡಿದ್ರ ಇನ್ನೂ ಹಾಲ ಇತ್ತು. ಅವ್ವ ಒಲಿ ಬಾಜೂಕ ಇಟ್ಟು, ಕಂಬಳಿ ಹೊಚ್ಚಿ, ಮಧ್ಯಾಹ್ನತನಾ ಅದರ ಮುಂದ ಕುಂತಿದ್ಲು" ಎನ್ನುತ್ತಿದ್ದ. ಕೈಯಲ್ಲಿ ಆ ಸ್ಟೀಲಿನ ಡಬ್ಬಿ. ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ ನಾಲ್ಕು ಕಾಳೋ ಹಾಕಿ ಕೊಡುತ್ತಾರೆ. ಅವನು ಮುಚ್ಚಳ ತೆಗೆದ. ಒಳಗೆ ಅವರ ಮನೆಯ ಮೊಸರಿತ್ತು. "ರುಚಿ ನೋಡಿ ಹೇಳಬೇಕಂತ. ಅವ್ವ ಹೇಳ್ಯಾಳ, ಆಕಿ ಹೂಂ ಅಂದ್ರ ಸಾಖರಪುಡಾದ ತಾರೀಖು ತಗಸೂನು, ಒಲ್ಲೆ ಅಂದ್ರ ಡಬ್ಬಿ ಕೊಟ್ಟ ಸುಮ್ನ ಬಾ ಅಂತ."

ಪಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಯಾರು ಕೆಸರಿನಲ್ಲಿ ನಿಂತಲ್ಲೇ ನನ್ನ ತೋಳು ಹಿಡಿದುಕೊಂಡರು. ಶೋಭಾ ಒದ್ದೆ ಕೈಯನ್ನು ಸೀರೆಗೆ ಒರೆಸಿ, ಬೆರಳಿನಲ್ಲಿ ಒಂದಿಷ್ಟು ಮೊಸರು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಅವಸರ ಮಾಡಲಿಲ್ಲ. ಅಷ್ಟು ದಿನ ಕಾಯಿಸಿದವರನ್ನು ತಾನೂ ಕೊಂಚ ಕಾಯಿಸಿದಳು.

"ಒಂಚೂರು ಹುಳಿ ಆಗೇತಿ," ಎಂದಳು. "ನಡೀತೈತಿ."